ಊರಿಗೂ ಊರಿಗೂ ನಡುವಣ ರಸ್ತೆ

ಷೇರ್ ಷಾಹನ ಹೆದ್ದಾರಿಯ ವಿಷಯವಾಗಿ ಪ್ರಶ್ನೆ ಹಾಕಿದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಎರಡು ಪುಟ ಬರೆಯಬಲ್ಲರು. ಸಾಲುಮರಗಳನ್ನೂ ಸರಾಯಿಗಳನ್ನೂ ಮರೆಯಲಾರರು. ತಮ್ಮ ಊರಿನಿಂದ ತಾಲ್ಲೂಕು ಕಸಬೆಗೆ ಹೋಗುವ ರಸ್ತೆ ಯಾರ ವಶದಲ್ಲಿರುವುದು, ಅದರಲ್ಲಿ ಗುಂಡಿ ಬಿದ್ದರೆ ಮುಚ್ಚತಕ್ಕವರು ಯಾರು, ಮುಚ್ಚುವುದಕ್ಕೆ ಹಣ ಯಾವ ಬೊಕ್ಕಸದಿಂದ ಬರತಕ್ಕದ್ದು ಎಂದು ಕೇಳಿದರೆ ಅದೇ ವಿದ್ಯಾರ್ಥಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ತಪ್ಪು ಅವರದಲ್ಲ. ರಸ್ತೆ ಹಾಕಿಸಿದವರ ಹೆಸರನ್ನು ಚರಿತ್ರೆಯ ಪುಸ್ತಕಗಳು ಬರೆದಿಟ್ಟುಕೊಂಡಿವೆ. ಹಾಕಿದ ರಸ್ತೆಯನ್ನು ವರ್ಷ ವರ್ಷವೂ ಉಳಿಸಿಕೊಂಡು ಬಂದ ಏರ್ಪಾಟುಗಳ ಕಥೆ ಆಡಳಿತದ ವರದಿಗಳಲ್ಲಿಯೂ ರೆಗ್ಯುಲೇಷನ್ನುಗಳಲ್ಲಿಯೂ ಹುದುಗಿಕೊಂಡಿರುವುದು. ಆ ಕಥೆಯನ್ನು ನಾಲ್ಕು ಊರುಗಳ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಹೇಳಬೇಕೆಂಬುದು ಈ ಭಾಷಣದ ಉದ್ದೇಶ. ಆ ಊರುಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು.

ಈ ನಾಲ್ಕೂ ಈಗ ದಾವಣಗೆರೆ ಜಿಲ್ಲೆಗೆ ಸೇರಿದ ತಾಲ್ಲೂಕುಗಳ ಮುಖ್ಯಸ್ಥಳಗಳು. ಆದರೆ ನೆಲ ಒಂದೇ ಬಗೆಯದಲ್ಲ. ನ್ಯಾಮತಿ ಮಲೆನಾಡಿನ ಬಾಗಿಲು. ಮಲೆಯ ಅಡಕೆಗೂ ಬಯಲುಸೀಮೆಯ ದವಸಕ್ಕೂ ನಡುವೆ ನಿಂತು ವ್ಯಾಪಾರ ಮಾಡಿದ ಹಳೆಯ ಪೇಟೆ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿರುವುದು. ಕೆಳದಿಯ ಚನ್ನಮ್ಮಾಜಿಯ ಹೆಸರನ್ನು ಹೊತ್ತಿರುವ ಚನ್ನಗಿರಿಯ ಸುತ್ತ ಗುಡ್ಡಗಳೂ ಅಡಕೆಯ ತೋಟಗಳೂ ಇವೆ. ಶಾಂತಿಸಾಗರವೆಂದು ಈಗ ಕರೆಯುವ ಸೂಳೆಕೆರೆ ಇರುವುದು ಅದೇ ತಾಲ್ಲೂಕಿನಲ್ಲಿ. ಜಗಳೂರು ಮಳೆ ಕಡಮೆಯಾದ ಬಯಲು. ಹಿಂದೆ ಆ ತಾಲ್ಲೂಕನ್ನು ಕಣಕುಪ್ಪೆಯ ಹೆಸರಿನಿಂದಲೂ ಕರೆಯುತ್ತಿದ್ದರು. ಒಂದು ಕಡೆ ಮಳೆಯ ನೀರು ರಸ್ತೆಯನ್ನು ಕೊಚ್ಚಿಕೊಂಡು ಹೋಗುವುದು. ಇನ್ನೊಂದು ಕಡೆ ಜಲ್ಲಿಯನ್ನು ಕೂರಿಸುವುದಕ್ಕೆ ನೀರೇ ಸಿಕ್ಕುವುದಿಲ್ಲ. ಇಂಥ ಸೀಮೆಗಳಿಗೆಲ್ಲ ಒಂದೇ ಕಟ್ಟಳೆಯನ್ನು ಬರೆದು ಕಳುಹಿಸಿದ ಸರ್ಕಾರಗಳು ಒಂದೆರಡಲ್ಲ.

ಹಳೆಯ ಗ್ರಾಮವ್ಯವಸ್ಥೆಯನ್ನು ಮೊದಲು ನೋಡೋಣ. ಹಳ್ಳಿಗೆ ಹನ್ನೆರಡು ಮಂದಿ ಆಯಗಾರರೆಂದು ನಾವೆಲ್ಲ ಓದಿದ್ದೇವೆ. ಗೌಡನಿದ್ದನು, ಶಾನುಭೋಗನಿದ್ದನು, ಕಾವಲಿಗೆ ತಳವಾರ, ಹೇಳಿಕಳುಹಿಸುವುದಕ್ಕೆ ತೋಟಿ, ಕೆರೆಯ ತೂಬನ್ನು ತೆಗೆದು ಹಾಕಿ ಗದ್ದೆಗದ್ದೆಗೆ ನೀರನ್ನು ಹಂಚುವುದಕ್ಕೆ ನೀರಗಂಟಿ. ಬಡಗಿ, ಕಮ್ಮಾರ, ಅಗಸ, ನಾಯಿಂದ ಎಲ್ಲರಿಗೂ ಕಣದಲ್ಲಿ ಪಾಲಿದ್ದಿತು. ಈ ಪಟ್ಟಿಯನ್ನು ಎಷ್ಟು ಸಾರಿ ಓದಿದರೂ ರಸ್ತೆಯನ್ನು ನೋಡಿಕೊಳ್ಳತಕ್ಕವನೊಬ್ಬನು ಅದರಲ್ಲಿ ಸಿಕ್ಕುವುದಿಲ್ಲ. ಸೂಳೆಕೆರೆಯಂಥ ದೊಡ್ಡ ಕೆರೆ ಶತಮಾನಗಳ ಕಾಲ ಉಳಿದು ಬಂದುದಕ್ಕೆ ಅದರ ಏರಿಯ ಗಟ್ಟಿತನ ಒಂದು ಕಾರಣವಾದರೆ, ಅದರ ನೀರಿನಿಂದ ಬದುಕುವವರು ಅದರ ಕೆಳಗೇ ಇದ್ದುದು ಇನ್ನೊಂದು ಕಾರಣ. ಕೆರೆ ಒಡೆದರೆ ನಷ್ಟ ಯಾರಿಗೆಂಬುದು ಆ ಊರಿನ ಮಗುವಿಗೂ ಗೊತ್ತು. ರಸ್ತೆಯ ಸಂಗತಿ ಹಾಗಲ್ಲ. ಅದು ಎರಡು ಊರುಗಳ ನಡುವೆ ಇರುವುದು. ಅದರಲ್ಲಿ ನಡೆಯುವವರು ಬಹುಮಂದಿ ಮೂರನೆಯ ಊರಿನವರು. ಶಾಸನಗಳಲ್ಲಿ ಹೆದ್ದಾರಿಯ ಹೆಸರು ಬರುವುದುಂಟು. ಆದರೆ ಅನೇಕ ವೇಳೆ ಭೂಮಿಯ ಎಲ್ಲೆಯನ್ನು ಹೇಳುವಾಗ ಬರುವುದು. ಅಂದರೆ ರಸ್ತೆ ಒಂದು ಊರು ಮುಗಿಯುವ ಸ್ಥಳವಾಗಿದ್ದಿತೇ ಹೊರತು ಯಾವ ಊರಿನ ಸ್ವತ್ತೂ ಆಗಿರಲಿಲ್ಲ. ಸುಂಕದವರು ಅದರ ಮೇಲೆ ಸುಂಕವೆತ್ತಿದರು, ದಂಡು ಬಂದಾಗ ಬಿಟ್ಟಿಯಾಳುಗಳಿಂದ ಅದನ್ನು ಸರಿಮಾಡಿಸಿದರು. ದಂಡು ಹೋದ ಮೇಲೆ ಜಾಲಿ ಬೆಳೆಯಿತು.

ಮೈಸೂರು ಸಂಸ್ಥಾನದಲ್ಲಿ ಕ್ರಮವಾಗಿ ರಸ್ತೆಗಳನ್ನು ಹಾಕುವ ಕೆಲಸ ಆರಂಭವಾದುದು ಒಂದು ದಂಗೆಯ ಬೆನ್ನಿನಲ್ಲಿ. 1830–31ರ ನಗರದ ದಂಗೆಯಲ್ಲಿ ಹೊನ್ನಾಳಿಯ ಕೋಟೆ ಕಾಳಗದ ಕಣವಾಗಿದ್ದಿತು. ಅದರ ಪರಿಣಾಮವಾಗಿ 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆಯೂ ಮುನ್ನೂರರಷ್ಟು ಸೇತುವೆಗಳೂ ಆದುವು. ಗಮನಿಸಬೇಕಾದ ಅಂಶವೆಂದರೆ, ಈ ರಸ್ತೆಗಳಲ್ಲಿ ಹೆಚ್ಚಿನ ಭಾಗ ಎಂಜಿನಿಯರುಗಳ ಇಲಾಖೆ ಹುಟ್ಟುವುದಕ್ಕೆ ಮೊದಲೇ ಆದುದು. ಪಬ್ಲಿಕ್ ವರ್ಕ್ಸ್ ಇಲಾಖೆ ಸ್ಥಾಪನೆಯಾದುದು 1856ರ ಸುಮಾರಿಗೆ. ಅದುವರೆಗೆ ಮರಾಮತ್ತಿನ ಕೆಲಸವನ್ನು ನೋಡಿಕೊಳ್ಳುತ್ತಿದ್ದವರು ಮುಖ್ಯವಾಗಿ ಅಮಲ್ದಾರರು. ಕಂದಾಯ ವಸೂಲು ಮಾಡುವವನೇ ಕೆರೆ ಕಟ್ಟಿಸುವವನು, ಅವನೇ ರಸ್ತೆ ತಿದ್ದಿಸುವವನು. ಅವನಿಗೆ ಲೆವೆಲ್ ನೋಡುವ ವಿದ್ಯೆ ತಿಳಿಯದಿರಬಹುದು. ಆದರೆ ಜಮಾಬಂದಿಗಾಗಿ ತಾಲ್ಲೂಕನ್ನೆಲ್ಲ ಕುದುರೆಯ ಮೇಲೆ ಸುತ್ತುತ್ತಿದ್ದುದರಿಂದ ಯಾವ ಹಳ್ಳದಲ್ಲಿ ಗಾಡಿ ಹೂತುಕೊಳ್ಳುವುದೆಂಬುದು ಅವನಿಗೆ ಸ್ವಂತ ಅನುಭವದಿಂದ ತಿಳಿದಿರುತ್ತಿದ್ದಿತು. ಇಲಾಖೆ ಬಂದ ಮೇಲೆ ವಿದ್ಯೆ ಹೆಚ್ಚಿತು. ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುವ ದೊಡ್ಡ ರಸ್ತೆಗೆ ಹರಿಹರದಲ್ಲಿ ತುಂಗಭದ್ರೆಯ ಮೇಲೆ 1868ರಲ್ಲಿ ಮುಗಿದ ಕಮಾನುಸೇತುವೆ ಅಂಥ ವಿದ್ಯೆಯ ಫಲ. ಆದರೆ ಇಲಾಖೆಯ ದೃಷ್ಟಿ ದೊಡ್ಡ ರಸ್ತೆಯ ಮೇಲೆ ನಿಂತಿತು. ನ್ಯಾಮತಿಯ ಸಂತೆಗೆ ಬರುವ ಬಂಡಿಗಳ ದಾರಿ ಯಾರ ದೃಷ್ಟಿಗೆ ಬೀಳಬೇಕು?

ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಲೋಕಲ್ ಫಂಡು. ಬೌರಿಂಗರು ಕಮಿಷನರಾಗಿದ್ದಾಗ, 1863ರಲ್ಲಿ, ಹೊಸ ಮೋಜಣಿ ಮತ್ತು ಕಂದಾಯ ಬಂದೋಬಸ್ತಿನ ಕೆಲಸ ಚಿತ್ರದುರ್ಗ ಜಿಲ್ಲೆಯ ಉತ್ತರಭಾಗದಿಂದಲೇ ಆರಂಭವಾಯಿತು. ಬಂದೋಬಸ್ತು ಮುಗಿದ ಸೀಮೆಗಳಲ್ಲಿ ಕಂದಾಯದ ರೂಪಾಯಿಗೆ ಒಂದಾಣೆಯಂತೆ ಸೆಸ್ ಕೂಡಿಸಿ, ಅದನ್ನು ಆ ಜಿಲ್ಲೆಯ ರಸ್ತೆ, ಶಾಲೆ ಮೊದಲಾದ ಕೆಲಸಗಳಿಗೆ ಮೀಸಲಾಗಿಟ್ಟರು. ಹೊಳೆ ದಾಟಿಸುವ ಹರಿಗೋಲು ದೋಣಿಗಳ ಗುತ್ತಿಗೆ, ದಾರಿಯ ಟೋಲು, ದನದ ದೊಡ್ಡಿಯ ದಂಡ ಇವುಗಳ ಹುಟ್ಟುವಳಿಯೂ ಅದಕ್ಕೆ ಸೇರುತ್ತಿದ್ದಿತು. 1870ರ ದಶಕದಲ್ಲಿ ಪ್ರತಿ ಜಿಲ್ಲೆಗೂ ಡೆಪ್ಯುಟಿ ಕಮಿಷನರ ಅಧ್ಯಕ್ಷತೆಯಲ್ಲಿ ಒಂದೊಂದು ಡಿಸ್ಟ್ರಿಕ್ಟ್ ಫಂಡ್ ಕಮಿಟಿ ಏರ್ಪಟ್ಟಿತು. ಅಂದಿನಿಂದ ಸಂಸ್ಥಾನದ ರಸ್ತೆಗಳು ಎರಡು ಜಾತಿಯಾದುವು: ಸರ್ಕಾರದ ಹಣದಿಂದ ನಡೆಯುವ ಪ್ರಾವಿನ್ಷಿಯಲ್ ರಸ್ತೆಗಳು, ಲೋಕಲ್ ಫಂಡಿನಿಂದ ನಡೆಯುವ ಜಿಲ್ಲಾ ರಸ್ತೆಗಳು. ಈ ಎರಡನೆಯ ಜಾತಿಯೇ ನಮ್ಮ ಕಥೆಯ ನಾಯಕ. ಪುರಾಣದ ಅನೇಕ ನಾಯಕರಂತೆ ಇವನೂ ವನವಾಸದಲ್ಲಿಯೇ ಹೆಚ್ಚು ಕಾಲ ಕಳೆದವನು.

ಒಂದಾಣೆಯ ಸೆಸ್ಸಿನಲ್ಲಿ ಒಂದು ನ್ಯಾಯವೂ ಒಂದು ಅನ್ಯಾಯವೂ ಕೂಡಿದ್ದುವು. ರೈತನು ಕೊಟ್ಟ ಹಣ ಅವನ ಜಿಲ್ಲೆಯಲ್ಲಿಯೇ ಖರ್ಚಾಗತಕ್ಕದ್ದೆಂಬುದು ನ್ಯಾಯ. ಆದರೆ ಕಂದಾಯ ಹೆಚ್ಚಾಗಿ ಹುಟ್ಟುವುದು ತರಿ ಮತ್ತು ಬಾಗಾಯ್ತು ಇರುವ ಕಡೆ. ಹೊಲಗಳೇ ಹೆಚ್ಚಾಗಿರುವ ಜಗಳೂರಿನಂಥ ಸೀಮೆಯಲ್ಲಿ ರಸ್ತೆಯ ಉದ್ದ ಕಡಮೆಯಾಗುವುದಿಲ್ಲ, ಒಂದಾಣೆ ಮಾತ್ರ ಕಡಮೆಯಾಗುವುದು. ಮಳೆ ಹೋದ ವರ್ಷ ಕಂದಾಯವೂ ಹೋಗುವುದು, ಅದರೊಡನೆ ಸೆಸ್ಸೂ ಹೋಗುವುದು. 1876–78ರ ಕ್ಷಾಮದಲ್ಲಿ ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಆಗ ಅನ್ನಕ್ಕಿಲ್ಲದವರಿಗೆ ಕೂಲಿ ಕೊಡುವುದಕ್ಕಾಗಿ ಅನೇಕ ಕಡೆ ರಸ್ತೆಯ ಕೆಲಸಗಳನ್ನು ತೆರೆದರು. ಪ್ರಾಣ ಉಳಿಸಬೇಕೆಂಬ ಕೆಲಸಕ್ಕೆ ಯಾರೂ ಹೆಸರಿಡಲಾರರು. ಆದರೂ ರಸ್ತೆಯ ದೃಷ್ಟಿಯಿಂದ ಹೇಳುವುದಾದರೆ, ಹೀಗೆ ಹುಟ್ಟಿದ ರಸ್ತೆ ತಂದೆತಾಯಿಯಿಲ್ಲದ ಮಗುವಿನಂಥದು. ಅದನ್ನು ಹಾಕಿಸುವುದಕ್ಕೆ ಕ್ಷಾಮ ಕಾರಣವಾಗಿದ್ದಿತು, ಅದನ್ನು ಉಳಿಸುವುದಕ್ಕೆ ಮುಂದಿನ ವರ್ಷ ಕಾರಣವಾವುದೂ ಇರಲಿಲ್ಲ.

1881ರಲ್ಲಿ ಆಡಳಿತ ಮಹಾರಾಜರಿಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಇಲ್ಲಿ ಒಂದು ಸಂಬಂಧವನ್ನು ಜನ ಸಾಮಾನ್ಯವಾಗಿ ಮರೆಯುವರು. ಆ ಮೊದಲ ಸಭೆಗೆ ತಾಲ್ಲೂಕುಗಳಿಂದ ಬಂದ ರೈತರನ್ನು ಆರಿಸಿ ಕಳುಹಿಸಿದುದು ಲೋಕಲ್ ಫಂಡ್ ಬೋರ್ಡುಗಳು. ನಮ್ಮ ಸಂಸ್ಥಾನದ ಪ್ರಾತಿನಿಧ್ಯದ ಮೊದಲ ಬೀಜ ರಸ್ತೆಯ ಹಣವನ್ನು ನೋಡಿಕೊಳ್ಳುವ ಒಂದು ಕಮಿಟಿಯ ಜೇಬಿನಲ್ಲಿದ್ದಿತೆಂದು ಹೇಳಿದರೆ ತಪ್ಪಾಗಲಾರದು. ವರ್ಷ ವರ್ಷವೂ ದಸರಾ ಕಾಲದಲ್ಲಿ ಮೈಸೂರಿಗೆ ಬಂದ ಪ್ರತಿನಿಧಿಗಳು ಅರಿಕೆ ಮಾಡಿದ ವಿಷಯಗಳಲ್ಲಿ ಕೆರೆ, ಕಾಡು, ಶಾಲೆ ಇವುಗಳ ಜೊತೆಗೆ ರಸ್ತೆ ತಪ್ಪದೆ ಇರುತ್ತಿದ್ದಿತು. ಅಂಥ ಅರಿಕೆಗಳಲ್ಲಿ ಹೊಸ ರಸ್ತೆಯ ಕೋರಿಕೆಗೇ ಹೆಚ್ಚು ಬಲ. ಇದ್ದ ರಸ್ತೆಯ ಚರಂಡಿಯನ್ನು ಸರಿಯಾಗಿ ತೆಗೆಸಬೇಕೆಂದು ಕೇಳಿದವನಿಗೆ ಊರಿಗೆ ಹಿಂದಿರುಗಿದಾಗ ಹಾರ ಹಾಕುವವರು ಯಾರು!

ಚರಂಡಿಯ ಮಾತು ಬಂದುದರಿಂದ ರಸ್ತೆಯ ರಕ್ಷಣೆ ಎಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಟ್ಟಣವಾಸಿಗಳಾದ ನಮಗೆ ರಸ್ತೆ ಎಂದರೆ ಮೇಲಿನ ಮೈ ಮಾತ್ರ. ಜಲ್ಲಿಯ ರಸ್ತೆಗೆ ಶತ್ರು ಗಾಡಿಗಿಂತಲೂ ನೀರು. ಸ್ಕಾಟ್ಲೆಂಡಿನ ಮ್ಯಾಕಡಂ ಎಂಬಾತನು 1816ರಲ್ಲಿ ಬ್ರಿಸ್ಟಲ್ ಸುತ್ತಿನ ರಸ್ತೆಗಳ ಸರ್ವೆಯರಾಗಿ ಕಲಿಸಿದ ಪಾಠ ಇದೇ: ಸಣ್ಣಗೆ ಒಡೆದ ಕಲ್ಲನ್ನು ಹಾಕಿ, ರಸ್ತೆಯ ಬೆನ್ನನ್ನು ಸ್ವಲ್ಪ ಉಬ್ಬಿಸಿ, ಕೆಳಗಿನ ನೆಲವನ್ನು ಒಣಗಿರುವಂತೆ ಇಟ್ಟುಕೊಂಡರೆ ಆ ಒಣ ನೆಲವೇ ಭಾರವನ್ನು ಹೊರುವುದು. ಹೊನ್ನಾಳಿ, ಚನ್ನಗಿರಿ, ಜಗಳೂರು ಸೀಮೆಗಳಲ್ಲಿ ಅಲ್ಲಲ್ಲಿ ಸಿಕ್ಕುವ ಎರೆಭೂಮಿಗೆ ಈ ಮಾತು ಇಮ್ಮಡಿಯಾಗಿ ಸಲ್ಲುವುದು. ಎರೆ ನೆನೆದರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಎರಡು ಮಳೆಗಾಲದಲ್ಲಿ ಮೇಲಿನ ಜಲ್ಲಿಯನ್ನು ನುಂಗಿಬಿಡುವುದು.

ಆದುದರಿಂದ ರಕ್ಷಣೆಯ ಕೆಲಸ ಪಂಚಾಂಗವನ್ನು ನೋಡಿ ಮಾಡತಕ್ಕ ಕೆಲಸ. ಬೇಸಗೆಯಲ್ಲಿ ಜಲ್ಲಿ ಒಡೆಸಿ ರಸ್ತೆಯ ಪಕ್ಕದಲ್ಲಿ ಅಳತೆಯ ರಾಶಿಗಳಾಗಿ ಹಾಕಿಸಬೇಕು. ಮುಂಗಾರಿಗೆ ಮೊದಲು ಚರಂಡಿಯನ್ನೂ ಮೋರಿಯ ಬಾಯನ್ನೂ ತೆರೆಯಬೇಕು. ಮಳೆ ಬಿದ್ದು ನೆಲ ಹದವಾದಾಗ ಜಲ್ಲಿ ಹರಡಿ, ಗರಸು ಚೆಲ್ಲಿ, ಕಲ್ಲಿನ ಗುಂಡನ್ನು ಉರುಳಿಸಿ ಕೂರಿಸಬೇಕು. ಆಮೇಲೆ ವರ್ಷವೆಲ್ಲ ದಿನದಿನವೂ ಗಾಡಿಯ ಜಾಡನ್ನು ಮುಚ್ಚುತ್ತಿರಬೇಕು. ಈ ಕೊನೆಯ ಕೆಲಸಕ್ಕೆ ನೇಮಕವಾದವನು ಮೈಲುಕೂಲಿ. ಒಂದು ಮೈಲಿಗೋ ಎರಡು ಮೈಲಿಗೋ ಒಬ್ಬನು. ಕೈಯಲ್ಲಿ ಗುದ್ದಲಿ, ಪಕ್ಕದಲ್ಲಿ ಮಂಕರಿ. ಅವನ ಮೇಲೆ ಮೇಸ್ತ್ರಿ, ಮೇಸ್ತ್ರಿಯ ಮೇಲೆ ಓವರ್‌ಸಿಯರು. ಫ್ರಾನ್ಸಿನಲ್ಲಿಯೂ ಇಂಥವನೇ ಒಬ್ಬನಿದ್ದನು. ಕಾಂತೊನಿಯೆ ಎಂದು ಅವನ ಹೆಸರು. ಅವನಿಗೂ ಇಷ್ಟು ಉದ್ದದ ರಸ್ತೆಯೆಂದು ಗೊತ್ತುಮಾಡಿ, ಅದರ ಹೊಣೆಯನ್ನು ಅವನ ಹೆಸರಿಗೇ ಕಟ್ಟಿದ್ದರು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಇಲ್ಲದೆ ಹೋದ ರಸ್ತೆಯ ನೀರಗಂಟಿಯನ್ನು ಸರ್ಕಾರವೇ ಹೀಗೆ ಹೊಸದಾಗಿ ಸೃಷ್ಟಿಸಿತೆನ್ನಬಹುದು. ನನ್ನ ಅಭಿಪ್ರಾಯದಲ್ಲಿ ನೂರೈವತ್ತು ವರ್ಷಗಳ ರಸ್ತೆಯಾಡಳಿತದಲ್ಲಿ ನಿಜವಾದ ನಿರ್ಮಾಣವೆಂದರೆ ಈ ಮೈಲುಕೂಲಿಯ ಕೆಲಸವೇ. ಆದರೆ ಯಾವ ರೆಗ್ಯುಲೇಷನ್ನಿನ ಪೀಠಿಕೆಯಲ್ಲಿಯೂ ಅವನ ಪ್ರಸ್ತಾಪ ಕಾಣುವುದಿಲ್ಲ. ನೀರಗಂಟಿಗೆ ಕಣದಲ್ಲಿ ಪಾಲಿದ್ದಿತು. ಇವನಿಗೆ ಇದ್ದುದು ಬಜೆಟ್ಟಿನ ಒಂದು ಸಾಲು. ಆ ಸಾಲನ್ನು ಕತ್ತರಿಸುವುದು ಬಹು ಸುಲಭ.

ಹಣಕಾಸಿನ ವರ್ಷದ ವಿಷಯವಾಗಿ ಇಲ್ಲಿಯೇ ಒಂದು ಮಾತು. ಮೈಸೂರು ಸಂಸ್ಥಾನದ ಲೆಕ್ಕದ ವರ್ಷ ಬಹುಕಾಲ ಜುಲೈಯಿಂದ ಜೂನಿನವರೆಗೆ ನಡೆಯುತ್ತಿದ್ದಿತು. ಮುಂಗಾರು ಹಿಡಿಯುವ ವೇಳೆಗೆ ಹೊಸ ಗ್ರಾಂಟು ಬರುತ್ತಿದ್ದುದರಿಂದ ಜಲ್ಲಿ ಕೂರಿಸುವ ಕಾಲವೂ ಹಣದ ಕಾಲವೂ ಸ್ವಲ್ಪ ಹೊಂದಿಕೊಳ್ಳುತ್ತಿದ್ದುವು. ಭಾರತದ ಇತರ ಭಾಗಗಳಂತೆ ಮಾರ್ಚಿಗೆ ವರ್ಷ ಮುಗಿಯತೊಡಗಿದ ಮೇಲೆ, ಸುಡುವ ಬಿಸಿಲಿನಲ್ಲಿ, ನೀರಿಲ್ಲದ ತಿಂಗಳಲ್ಲಿ, ಗ್ರಾಂಟು ಲ್ಯಾಪ್ಸಾದೀತೆಂಬ ಭಯದಿಂದ ರಸ್ತೆಯ ಕೆಲಸ ಮುಗಿಸುವ ಸಂಪ್ರದಾಯ ಬೇರೂರಿತು. ಚೈತ್ರದಲ್ಲಿ ಮೆತ್ತಿದ ಮಣ್ಣು ಆಷಾಢದಲ್ಲಿ ಎಲ್ಲಿರುವುದೆಂಬುದನ್ನು ಹೇಳಬೇಕಾಗಿಲ್ಲ.

ಮತ್ತೆ ಬೋರ್ಡುಗಳ ಕಥೆಗೆ ಬರೋಣ. 1882ರಲ್ಲಿ ಲಾರ್ಡ್ ರಿಪ್ಪನ್ನರ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಬಿದ್ದಿತು. ಮೈಸೂರಿನಲ್ಲಿ ಅದರ ಫಲ ಕಾಣುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು. 1902ರ ಲೋಕಲ್ ಬೋರ್ಡುಗಳ ರೆಗ್ಯುಲೇಷನ್ನು ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಎಂಬ ಮೂರು ಮೆಟ್ಟಲುಗಳನ್ನು ಕಟ್ಟಿತು. 1918ರ ರೆಗ್ಯುಲೇಷನ್ನು ಜನರು ಆರಿಸಿದ ಸದಸ್ಯರ ಸಂಖ್ಯೆಯನ್ನು ಹೆಚ್ಚಿಸಿತು, ಗ್ರಾಮಪಂಚಾಯಿತಿಗಳಿಗೆ ಸ್ಥಾನ ಕೊಟ್ಟಿತು. ಚನ್ನಗಿರಿಗೂ ಹೊನ್ನಾಳಿಗೂ ಮೇಲಿನ ಬೋರ್ಡು ಶಿವಮೊಗ್ಗದಲ್ಲಿ, ಜಗಳೂರಿಗೆ ಚಿತ್ರದುರ್ಗದಲ್ಲಿ. ತಾಲ್ಲೂಕು ಬೋರ್ಡಿನ ಸದಸ್ಯನಿಗೆ ತನ್ನ ರಸ್ತೆಗಳೆಲ್ಲ ಕಾಲಿಗೆ ಪರಿಚಯವಿದ್ದ ರಸ್ತೆಗಳು. ಆದರೆ ಬೋರ್ಡಿಗೆ ಸ್ವಂತ ಹುಟ್ಟುವಳಿ ಇಲ್ಲದಷ್ಟು ಕಡಮೆ. ಜಿಲ್ಲಾ ಬೋರ್ಡು ಹಂಚಿಕೊಟ್ಟಷ್ಟೇ ಅದರ ಕೈಯಲ್ಲಿ. ಸ್ವಂತ ಎಂಜಿನಿಯರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ, ರೋಲರನ್ನು ಕೊಳ್ಳುವ ಶಕ್ತಿ ಇಲ್ಲ. 1926ರ ಶಾಸನಗಳು ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿದುವು. ಮೇಲೆ ಜಿಲ್ಲಾ ಬೋರ್ಡು, ಕೆಳಗೆ ಗ್ರಾಮಪಂಚಾಯಿತಿ. ನಡುವೆ ಏನೂ ಇಲ್ಲ.

ಈ ತೀರ್ಮಾನವನ್ನು ಅವಿವೇಕವೆಂದು ತಳ್ಳಿಬಿಡುವುದು ಸರಿಯಲ್ಲ. ಇಂಗ್ಲೆಂಡು ಅದೇ ದಾರಿಯಲ್ಲಿ ನಡೆಯುತ್ತಿದ್ದಿತು. ಅಲ್ಲಿ 1555ರ ಕಾಯಿದೆಯಂತೆ ಪ್ರತಿ ಪ್ಯಾರಿಷಿನವರೂ ವರ್ಷಕ್ಕೆ ಕೆಲವು ದಿನ ಕೂಲಿಯಿಲ್ಲದೆ ರಸ್ತೆಯ ಕೆಲಸ ಮಾಡಬೇಕಾಗಿದ್ದಿತು. ನಮ್ಮ ಬಿಟ್ಟಿಯ ತಮ್ಮನೆನ್ನಿರಿ. ಆ ಬಿಟ್ಟಿ ನಿಂತುದು 1835ರಲ್ಲಿ. 1888ರಲ್ಲಿ ಕೌಂಟಿ ಕೌನ್ಸಿಲುಗಳು ಹುಟ್ಟಿ ಮುಖ್ಯ ರಸ್ತೆಗಳನ್ನು ವಹಿಸಿಕೊಂಡುವು. 1894ರಲ್ಲಿ ಹಳ್ಳಿಯ ರಸ್ತೆಗಳು ಗ್ರಾಮಾಂತರ ಡಿಸ್ಟ್ರಿಕ್ಟ್ ಕೌನ್ಸಿಲುಗಳಿಗೆ ಬಂದುವು. 1929ರಲ್ಲಿ ಅವುಗಳಿಂದಲೂ ಕಿತ್ತು ಕೌಂಟಿಗೆ ಕೊಟ್ಟರು. ಮೋಟಾರು ಬಂದ ಮೇಲೆ ಸಣ್ಣ ಸಂಸ್ಥೆ ರಸ್ತೆಯನ್ನು ಸಾಕಲಾರದೆಂಬುದು ಅಲ್ಲಿಯ ವಾದ. ಮೈಸೂರಿನ 1926ಕ್ಕೂ ಇಂಗ್ಲೆಂಡಿನ 1929ಕ್ಕೂ ನಡುವೆ ಮೂರೇ ವರ್ಷ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಕೌಂಟಿಗೆ ರಸ್ತೆಯೊಡನೆ ಸರ್ಕಾರದ ಧಾರಾಳವಾದ ಸಹಾಯದ್ರವ್ಯವೂ ಹೋಯಿತು. ಇಲ್ಲಿ ಜಿಲ್ಲಾ ಬೋರ್ಡಿಗೆ ಹೋದುದು ಮುಖ್ಯವಾಗಿ ರಸ್ತೆ.

1926ರ ಏರ್ಪಾಟಿನಲ್ಲಿ ಊರೊಳಗಿನ ಬೀದಿ ಪಂಚಾಯಿತಿಯದಾಯಿತು. ಪಟ್ಟಿಯಲ್ಲಿ ಸೇರಿದ್ದ ದೊಡ್ಡ ರಸ್ತೆ ಜಿಲ್ಲಾ ಬೋರ್ಡಿನದು, ಅದಕ್ಕಿಂತ ದೊಡ್ಡದು ಸರ್ಕಾರದ್ದು. ಪಟ್ಟಿಯಲ್ಲಿ ಸೇರದೆ, ಎರಡು ಪಂಚಾಯಿತಿಗಳ ನಡುವೆ ಹೊಲಗಳ ಮಧ್ಯೆ ಹೋಗುವ ಬಂಡಿದಾರಿ ಯಾರದು? ಒಂದು ಪಂಚಾಯಿತಿ ತನ್ನ ಎಲ್ಲೆಯವರೆಗೆ ತಿದ್ದಬಹುದು. ಎಲ್ಲೆಯಾಚೆಯ ಹಳ್ಳ ಹಾಗೆಯೇ ಇದ್ದರೆ ತಿದ್ದಿದ ಅರ್ಧವೂ ನಿಷ್ಪ್ರಯೋಜನ. ಮುಕ್ಕಾಲು ರಸ್ತೆ ಎಂಬುದೊಂದು ಲೋಕದಲ್ಲಿಲ್ಲ. ತಾಲ್ಲೂಕು ಬೋರ್ಡು ದುರ್ಬಲವಾಗಿದ್ದರೂ ಈ ನಡುವಣ ರಸ್ತೆಯನ್ನು ತನ್ನದೆಂದು ಹೇಳಬಹುದಾಗಿದ್ದ ಸಂಸ್ಥೆ ಅದೊಂದೇ.

ಅದೇ ವೇಳೆಗೆ ಬಸ್ಸುಗಳು ಬಂದುವು. ಕಬ್ಬಿಣದ ಪಟ್ಟಿಯ ಬಂಡಿಯ ಗಾಲಿ ರಸ್ತೆಯನ್ನು ಕೊರೆಯುತ್ತಿದ್ದಿತು; ಮೋಟಾರಿನ ರಬ್ಬರ್ ಗಾಲಿ ಕೊರೆದ ಜಾಡಿನ ಧೂಳನ್ನು ಹೀರಿ ಎಸೆದು ಜಲ್ಲಿಯನ್ನು ಸಡಿಲಿಸತೊಡಗಿತು. ಎರಡೂ ಒಂದೇ ರಸ್ತೆಯಲ್ಲಿ ಸೇರಿದಾಗ ಮೈಲುಕೂಲಿಯ ಗುದ್ದಲಿ ಸೋತಿತು. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಭಾರತ ಸರ್ಕಾರ ಪೆಟ್ರೋಲಿನ ಗ್ಯಾಲನ್ನಿಗೆ ಎರಡಾಣೆ ಹೆಚ್ಚು ಸುಂಕ ಹಾಕಿ ರಸ್ತೆಯ ನಿಧಿಯೊಂದನ್ನು ಸ್ಥಾಪಿಸಿತು. ದೇಶೀಯ ಸಂಸ್ಥಾನಗಳಿಗೂ ಅದರಲ್ಲಿ ಪಾಲು ದೊರೆಯಿತು. ಆದರೆ ಆ ನಿಧಿ ರಸ್ತೆಗಳ ಅಭಿವೃದ್ಧಿಗೆಂದು ಏರ್ಪಟ್ಟುದು, ಅದರ ಒಲವು ದೊಡ್ಡ ರಸ್ತೆಗಳ ಕಡೆಗೆ. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ದೊಡ್ಡ ಜಿಲ್ಲಾ, ಚಿಕ್ಕ ಜಿಲ್ಲಾ, ಹಳ್ಳಿಯ ರಸ್ತೆ ಎಂದು ಐದು ವರ್ಣಗಳಾಗಿ ವಿಂಗಡಿಸಿದರು. ಸಾಗುವಳಿಯ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಗೆ ಐದು ಮೈಲಿಗಿಂತ ದೂರವಿರಕೂಡದೆಂಬುದು ಅವರ ಧ್ಯೇಯ. ವಿಂಗಡಣೆ ಇಂದಿಗೂ ಬಹುಮಟ್ಟಿಗೆ ನಿಂತಿದೆ. ವರ್ಣಗಳಲ್ಲಿ ಕೊನೆಯದಕ್ಕೆ ಆಗುವ ಉಪಚಾರವೂ ಹಾಗೆಯೇ ನಿಂತಿದೆ.

ಸ್ವಾತಂತ್ರ್ಯದ ಅನಂತರದ ಭಾಗವನ್ನು ಬೇಗನೆ ದಾಟಬಹುದು. ಏಕೆಂದರೆ ಹೆಸರುಗಳು ಹೊಸವು, ಪ್ರಶ್ನೆ ಹಳೆಯದು. 1956ರಲ್ಲಿ ರಾಜ್ಯ ಒಂದಾದ ಮೇಲೆ ಐದು ಬಗೆಯ ಸ್ಥಳೀಯ ಕಾನೂನುಗಳನ್ನು ಒಂದು ಮಾಡಬೇಕಾಯಿತು. 1959ರ ಕಾಯಿದೆ ಜಿಲ್ಲಾ ಬೋರ್ಡುಗಳನ್ನು ಮುಗಿಸಿ ತಾಲ್ಲೂಕು ಅಭಿವೃದ್ಧಿ ಮಂಡಲಿಗಳನ್ನು ಸ್ಥಾಪಿಸಿತು. ಮೂವತ್ತು ವರ್ಷಗಳ ಹಿಂದೆ ಸತ್ತ ತಾಲ್ಲೂಕು ಬೋರ್ಡು ಬೇರೆ ಅಂಗಿ ತೊಟ್ಟು ಎದ್ದು ಬಂದಂತಾಯಿತು. ಜಿಲ್ಲಾ ಮಟ್ಟದಲ್ಲಿ ಸಲಹೆ ಕೊಡುವ ಪರಿಷತ್ತು ಮಾತ್ರ. ಈ ಸಾರಿ ನಡುವಣ ರಸ್ತೆಗೆ ಒಡೆಯನು ಸಿಕ್ಕಿದನು, ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುವ ರಸ್ತೆಗೆ ಸ್ಥಳೀಯ ಒಡೆಯನಿಲ್ಲದೆ ಹೋದನು. ಇದೇ ಕಾಲದಲ್ಲಿ ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿ ಸೀಮೆಗಳಿಗೆ ಹರಿದು, ಹೊಲಗಳು ಗದ್ದೆಗಳಾದುವು. ಬತ್ತದ ಮೂಟೆ ಹೆಚ್ಚಿತು, ರಸ್ತೆಯ ಬುಡದ ತೇವವೂ ಹೆಚ್ಚಿತು. ಕಂದಾಯದ ರೂಪಾಯಿಗೆ ಒಂದಾಣೆ ಎಂದು ಲೆಕ್ಕ ಹಾಕಿದವರು ಟ್ರಾಕ್ಟರನ್ನೂ ಲಾರಿಯನ್ನೂ ಕನಸಿನಲ್ಲಿಯೂ ಕಂಡಿರಲಿಲ್ಲ.

1983ರ ಕಾಯಿದೆ ತೂಗುಕಲ್ಲನ್ನು ಮತ್ತೆ ಜಿಲ್ಲೆಯ ಕಡೆಗೆ ಸರಿಸಿತು. ಅದರಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದುವು. ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬರ ಹೆಸರು ಈ ಪ್ರಯತ್ನದೊಡನೆ ಕೂಡಿಕೊಂಡಿರುವುದು. ಈ ಪರಿಷತ್ತಿಗೆ ಹಣವಿದ್ದಿತು, ಸ್ವಂತ ಎಂಜಿನಿಯರುಗಳಿದ್ದರು, ಡೆಪ್ಯುಟಿ ಕಮಿಷನರಿಗಿಂತ ಹಿರಿಯ ದರ್ಜೆಯ ಅಧಿಕಾರಿ ಕಾರ್ಯದರ್ಶಿಯಾಗಿದ್ದನು. ಜಿಲ್ಲಾ ಬೋರ್ಡಿಗೆ ಎಂದೂ ಒಟ್ಟಿಗೆ ದೊರೆಯದಿದ್ದ ಮೂರು ವಸ್ತುಗಳು ಇದಕ್ಕೆ ದೊರೆತುವು. ದೊರೆಯದೆ ಹೋದುದು ಕಾಲ: ಐದು ವರ್ಷ ತುಂಬಿದ ಮೇಲೆ ಚುನಾವಣೆ ನಡೆಯಲಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಯಾಗಿ, 1993ರ ಕಾಯಿದೆಯಿಂದ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳೆಂಬ ಈಗಿನ ಮೂರು ಮೆಟ್ಟಲು ಬಂದಿತು. ಸಂವಿಧಾನದ ಹನ್ನೊಂದನೆಯ ಪರಿಚ್ಛೇದದಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯುಂಟು. ಅದರ ಹದಿಮೂರನೆಯ ಬಾಬು ರಸ್ತೆ, ಮೋರಿ, ಸೇತುವೆ, ದೋಣಿಗಂಡಿ, ಜಲಮಾರ್ಗ. ಹರಿಗೋಲಿನ ಗುತ್ತಿಗೆಯಿಂದ ಲೋಕಲ್ ಫಂಡಿಗೆ ಹಣ ಕೂಡಿಸಿದವರು ಇದನ್ನು ಓದಿದ್ದರೆ ಹಳೆಯ ಪರಿಚಯದವರನ್ನು ಕಂಡಂತೆ ಸಂತೋಷಪಡುತ್ತಿದ್ದರು.

ಇಷ್ಟರ ನಡುವೆ ಜಿಲ್ಲೆಯ ಎಲ್ಲೆಗಳೂ ಸರಿದಾಡಿದುವು. 1860ರ ದಶಕದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ನಗರ ಡಿವಿಷನ್ನಿನಲ್ಲಿ ಇದ್ದುದರಿಂದ ನಮ್ಮ ನಾಲ್ಕು ಊರುಗಳೂ ಒಂದೇ ಸೂಪರಿಂಟೆಂಡೆಂಟರ ಕೆಳಗಿದ್ದುವು. ಆಮೇಲೆ ಬೇರೆಯಾದುವು. 1880ರ ದಶಕದ ಆದಿಯಲ್ಲಿ ಮಿತವ್ಯಯಕ್ಕಾಗಿ ಚಿತ್ರದುರ್ಗ ಜಿಲ್ಲೆಯನ್ನೇ ಕೆಲವು ವರ್ಷ ರದ್ದುಮಾಡಿದ್ದರು. 1886ರಲ್ಲಿ ಅದು ಮತ್ತೆ ಬಂದಿತು. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿ, ಶಿವಮೊಗ್ಗದಿಂದ ಚನ್ನಗಿರಿಯನ್ನೂ ಹೊನ್ನಾಳಿಯನ್ನೂ, ಚಿತ್ರದುರ್ಗದಿಂದ ಜಗಳೂರನ್ನೂ, ಬಳ್ಳಾರಿಯಿಂದ ಹರಪನಹಳ್ಳಿಯನ್ನೂ ತೆಗೆದುಕೊಂಡಿತು. ಹರಪನಹಳ್ಳಿ ಸುಮಾರು ಇಪ್ಪತ್ತು ವರ್ಷಗಳ ಅನಂತರ ಬಳ್ಳಾರಿಗೆ ಮರಳಿ, ಅಲ್ಲಿಂದ ವಿಜಯನಗರ ಜಿಲ್ಲೆಗೆ ಸೇರಿತು. ಜಗಳೂರಿನಿಂದ ಹರಪನಹಳ್ಳಿಯ ಕಡೆಗೆ ನಡೆಯುವವನು ಹೀಗೆ ಇಪ್ಪತ್ತೈದು ವರ್ಷಗಳಲ್ಲಿ ಎರಡು ಸಾರಿ ಜಿಲ್ಲೆಯ ಎಲ್ಲೆಯನ್ನು ಕಂಡನು; ಅವನ ಕಾಲ ಕೆಳಗಿನ ರಸ್ತೆ ಇದ್ದಲ್ಲಿಯೇ ಇದ್ದಿತು. 2018ರಲ್ಲಿ ಹೊನ್ನಾಳಿಯಿಂದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು.

ಎಲ್ಲೆ ಬದಲಾದಾಗ ಕಚೇರಿಯ ಬೋರ್ಡು ಬದಲಾಗುವುದು ಮೊದಲು; ರಸ್ತೆಗಳ ಪಟ್ಟಿ, ಅವುಗಳ ಹಳೆಯ ಎಸ್ಟಿಮೇಟು, ಯಾವ ಮೈಲಿಯಲ್ಲಿ ಯಾವ ಮೋರಿ ದುರ್ಬಲವಾಗಿದೆಯೆಂಬ ತಿಳಿವಳಿಕೆ ಇವು ವರ್ಗವಾಗುವುದು ಕೊನೆಗೆ. ಆ ತಿಳಿವಳಿಕೆಯಲ್ಲಿ ಅರ್ಧ ಕಾಗದದ ಮೇಲೆ ಇರುತ್ತಲೇ ಇರಲಿಲ್ಲ; ಮೈಲುಕೂಲಿಯ ಮತ್ತು ಮೇಸ್ತ್ರಿಯ ತಲೆಯಲ್ಲಿರುತ್ತಿದ್ದಿತು. ಗ್ಯಾಂಗಿನ ಪದ್ಧತಿ ಕ್ರಮೇಣ ಕ್ಷೀಣಿಸಿ ಗುತ್ತಿಗೆಯ ಪದ್ಧತಿ ಬಂದ ಮೇಲೆ ಆ ತಲೆಗಳೂ ನಿವೃತ್ತವಾದುವು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮಸಡಕ್ ಯೋಜನೆ ಈ ಕೊರತೆಯನ್ನು ಅರಿತಿದ್ದಿತೆಂದು ಒಪ್ಪಬೇಕು. ರಸ್ತೆ ಹಾಕಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ಕಾಪಾಡಬೇಕೆಂದು ಕರಾರಿನಲ್ಲಿಯೇ ಸೇರಿಸಿ, ಆ ಹಣವನ್ನು ರಸ್ತೆಯ ಪಕ್ಕದ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಿದರು. ಮೈಲುಕೂಲಿಯ ಹೊಣೆಗಾರಿಕೆಯನ್ನು ಬೇರೆ ರೂಪದಲ್ಲಿ ಮರಳಿ ತರುವ ಪ್ರಯತ್ನವಿದು. ಐದು ವರ್ಷ ಕಳೆದ ಮೇಲೆ ಭಾರ ರಾಜ್ಯದ ಮೇಲೂ ಅದರ ಪಂಚಾಯಿತಿಗಳ ಮೇಲೂ ಬೀಳುವುದು. ಅಲ್ಲಿಗೆ ನಾವು 1926ರ ಪ್ರಶ್ನೆಯ ಮುಂದೆಯೇ ಬಂದು ನಿಲ್ಲುವೆವು.

ನ್ಯಾಮತಿಯ ಸ್ಥಿತಿ ಇದರಲ್ಲಿ ವಿಶೇಷವಾದುದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಾಗ ಆ ತಾಲ್ಲೂಕು ಇನ್ನೂ ಹುಟ್ಟಿರಲಿಲ್ಲ. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ನಾಲ್ಕು ವರ್ಷ ಕಳೆದರೂ ಮುಂದಿನ ಚುನಾವಣೆ ನಡೆದಿರಲಿಲ್ಲ. ಆದುದರಿಂದ ಹೊಸ ತಾಲ್ಲೂಕಿನ ಹಳ್ಳಿಗಳ ನಡುವಣ ರಸ್ತೆಯ ವಿಷಯವಾಗಿ, ಆ ರಸ್ತೆಯಲ್ಲಿ ನಡೆಯುವವರು ಆರಿಸಿ ಕಳುಹಿಸಿದ ತಾಲ್ಲೂಕು ಸಭೆಯೊಂದರಲ್ಲಿ ಚರ್ಚೆ ನಡೆಯುವುದಕ್ಕೆ ಇಷ್ಟು ಕಾಲವೂ ಅವಕಾಶವೇ ಬರಲಿಲ್ಲ. ಅಂಥ ಸಭೆ ಸೇರಿದ ದಿನ ಅದರ ಮೊದಲ ಕೆಲಸವಾಗಿ ಒಂದು ಪಟ್ಟಿಯನ್ನು ತರಿಸಿ ನೋಡಬೇಕು. ಹೊಸ ರಸ್ತೆಗಳ ಕೋರಿಕೆಯ ಪಟ್ಟಿಯಲ್ಲ. ಅದನ್ನು ತರುವವರು ಬೇಕಾದಷ್ಟು ಮಂದಿ ಇರುವರು. ಹೊನ್ನಾಳಿಯ ಕಚೇರಿಯ ಕಡತಗಳಲ್ಲಿ ಸೇರಿಹೋಗಿರುವ ಇದ್ದ ರಸ್ತೆಗಳ ಪಟ್ಟಿ: ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾವ ಇಲಾಖೆಯ ವಶ, ಗುತ್ತಿಗೆದಾರನ ಐದು ವರ್ಷ ಯಾವ ತಿಂಗಳಿಗೆ ಮುಗಿಯುವುದು, ಮುಂಗಾರಿಗೆ ಮೊದಲು ಅದರ ಚರಂಡಿಯನ್ನು ತೆಗೆಯತಕ್ಕವರು ಯಾರು. ಕೊನೆಯ ಅಂಕಣ ಎಷ್ಟು ರಸ್ತೆಗಳ ಮುಂದೆ ಖಾಲಿಯಿರುವುದೋ, ಅಷ್ಟು ರಸ್ತೆಗಳಿಂದ ಆ ಸಭೆ ತನ್ನ ಕೆಲಸವನ್ನು ಆರಂಭಿಸಬಹುದು.